ನೆರಳಿನಂಗಳಕ್ಕೆ ಜರೀಗಿಡ: ಬೆಳೆಸುವ ಬಗೆ ಮತ್ತು ಒಂದು ಎಚ್ಚರಿಕೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಸದಸ್ಯರೊಬ್ಬರು ಕಚೇರಿಗೆ ಬಂದು, ಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದಿದ್ದ ಒಂದು ಗರಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟರು. "ಸೆಕ್ರೆಟರಿಯವರೇ, ನಮ್ಮ ಮನೆಯವರು ಜಗಲಿಯಲ್ಲಿ ಸಾಕಿದ ಫರ್ನಿಗೂ ಎಲೆತುಕ್ಕು ಬಂದುಬಿಟ್ಟಿದೆ. ಕಾಫಿಗೆ ಹೊಡೆದು ಉಳಿದ ಬೋರ್ಡೋ ದ್ರಾವಣವಿತ್ತು, ಅದನ್ನೇ ಹೊಡೆದೆ. ಈಗ ಚಿಗುರೆಲ್ಲ ಸುಟ್ಟುಹೋಗಿದೆ. ಮನೆಯಲ್ಲಿ ಮಾತೇ ನಿಂತಿದೆ" ಎಂದರು.

ನಾವು ಗರಿಯನ್ನು ತಿರುಗಿಸಿ ನೋಡಿದೆವು. ಕೆಳಮೈಯಲ್ಲಿ ಕಂದು ಬಣ್ಣದ ಚುಕ್ಕೆಗಳಿದ್ದವು. ಆದರೆ ಪ್ರತಿ ಎಲೆದಳದಲ್ಲಿಯೂ ನಡುನರದ ಎರಡು ಕಡೆ, ಹಗ್ಗ ಹಿಡಿದು ಗುಣಿ ತೆಗೆದ ಅಡಿಕೆ ಸಾಲಿನಂತೆ ಅಳತೆ ತಪ್ಪದೆ ಇದ್ದವು. ರೋಗ ಹೀಗೆ ಸಾಲು ಹಿಡಿದು ಬರುವುದಿಲ್ಲ. ಕಾಫಿಯ ತುಕ್ಕು ಕಿತ್ತಳೆ ಬಣ್ಣದ ಪುಡಿಯಾಗಿ ಎಲೆಯ ಮೇಲೆ ಎಲ್ಲೆಂದರಲ್ಲಿ ಹಬ್ಬುತ್ತದೆ. ಇದು ರೋಗವಲ್ಲ, ಗಿಡದ ಸಂತಾನ. ಆ ಚುಕ್ಕೆಗಳಲ್ಲಿಯೇ ಜರೀಗಿಡದ ಬೀಜಾಣುಗಳಿರುತ್ತವೆ.

ಅಂದು ಅವರಿಗೆ ಹೇಳಿದ ಮಾತುಗಳನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ. ಬರೆಯಲು ಇನ್ನೊಂದು ಕಾರಣವೂ ಉಂಟು. ಈ ಬೇಸಿಗೆಯಲ್ಲಿ ಪೇಟೆಯ ಕಡೆಯ ವ್ಯಾಪಾರಿಯೊಬ್ಬರು ಟೆಂಪೋ ತಂದು, ಹಳ್ಳದ ದಂಡೆಯ ಜರೀಗಿಡಗಳನ್ನು ಗೋಣಿಗೆ ಇಷ್ಟೆಂದು ಕೊಳ್ಳುವುದಾಗಿ ಕೆಲವು ಸದಸ್ಯರನ್ನು ಕೇಳಿದ್ದಾರೆ. ಕೊಡಬಹುದೇ ಎಂದು ಸದಸ್ಯರು ನಮ್ಮನ್ನು ಕೇಳಿದ್ದಾರೆ. ಅದಕ್ಕೆ ಉತ್ತರವನ್ನು ಕೊನೆಯಲ್ಲಿ ಹೇಳುತ್ತೇವೆ. ಮೊದಲು ಗಿಡದ ಗುಣ ತಿಳಿಯೋಣ.

ಹೂವಿಲ್ಲ, ಬೀಜವಿಲ್ಲ

ಶಾಲೆಯ ಪುಸ್ತಕದಲ್ಲಿ ಇದಕ್ಕೆ ಜರೀಗಿಡವೆಂದು ಹೆಸರು, ನಮ್ಮ ಮನೆಗಳಲ್ಲಿ ಫರ್ನ್ ಎಂದೇ ರೂಢಿ. ಇದು ಹೂ ಬಿಡುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಗರಿಯ ಕೆಳಮೈಯಿಂದ ಉದುರುವ ಬೀಜಾಣು ಕಣ್ಣಿಗೆ ಧೂಳಿನಂತೆ ಕಾಣುತ್ತದೆ. ಅದು ಒದ್ದೆ ನೆಲಕ್ಕೆ ಬಿದ್ದರೆ ನೇರವಾಗಿ ಜರೀಗಿಡವಾಗದು. ಮೊದಲು ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ಒಂದು ಹಸಿರು ಪೊರೆಯಾಗುತ್ತದೆ. ಆ ಪೊರೆಯಲ್ಲಿಯೇ ಗಂಡು ಹೆಣ್ಣು ಭಾಗಗಳು ಹುಟ್ಟುತ್ತವೆ. ಗಂಡು ಕಣವು ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಹೆಣ್ಣನ್ನು ಸೇರಿದರೆ ಮಾತ್ರ ನಾವು ಕಾಣುವ ಜರೀಗಿಡ ಮೇಲೇಳುತ್ತದೆ. ಈ ಎರಡು ತಲೆಮಾರಿನ ಗುಟ್ಟನ್ನು ಜರ್ಮನಿಯ ವಿಲ್ಹೆಲ್ಮ್ ಹಾಫ್‌ಮೈಸ್ಟರ್ ಎಂಬ ವಿಜ್ಞಾನಿ 1851ರಲ್ಲಿ ವಿವರಿಸಿದರು.

ಇಷ್ಟು ತಿಳಿದರೆ ಅರ್ಧ ಬೇಸಾಯ ತಿಳಿದಂತೆ. ಹುಟ್ಟುವುದಕ್ಕೇ ನೀರಿನ ಪದರ ಬೇಕಾದ ಗಿಡವಿದು. ಆದ್ದರಿಂದಲೇ ಅಬ್ಬಿಯ ಬಳಿ, ದರೆಯ ಮೈಯಲ್ಲಿ, ಬಾವಿಯ ಕಲ್ಲುಸಂದಿಯಲ್ಲಿ, ಅಡಿಕೆ ತೋಟದ ಬಸಿಗಾಲುವೆಯ ಅಂಚಿನಲ್ಲಿ ತಾನಾಗಿ ಬರುತ್ತದೆ. ಆದರೆ ಈ ಜಾಗಗಳೆಲ್ಲವೂ ನೀರು ಹರಿದುಹೋಗುವ ಜಾಗಗಳು, ನಿಲ್ಲುವ ಜಾಗಗಳಲ್ಲ ಎಂಬುದನ್ನು ಗಮನಿಸಬೇಕು.

ಯಾವ ಗಿಡ ಎಲ್ಲಿಗೆ?

ಹೊಸಬರು ಬಾಸ್ಟನ್ ಫರ್ನ್‌ನಿಂದ ಆರಂಭಿಸುವುದು ಒಳ್ಳೆಯದು. ಜಗಲಿಯ ತೊಲೆಗೆ ತೂಗುಹಾಕಿದರೆ ಗರಿಗಳು ಸುತ್ತಲೂ ಇಳಿಬೀಳುತ್ತವೆ. ಇದರ ಬಳಗದ್ದೇ ಆದ ಇನ್ನೊಂದು ಜಾತಿಯ ಬೇರಿನಲ್ಲಿ ಗೋಲಿಯಷ್ಟು ದಪ್ಪದ ಗಡ್ಡೆಗಳಿರುತ್ತವೆ. ಅವು ನೀರಿನ ಉಗ್ರಾಣ. ಒಂದೆರಡು ದಿನ ನೀರು ತಪ್ಪಿದರೂ ಗಿಡ ತಾಳಿಕೊಳ್ಳುತ್ತದೆ. ಮೆಟ್ಟಿಲ ಬದಿಗೆ, ಅಂಗಳದ ಕಟ್ಟೆಗೆ ಇದು ಸೂಕ್ತ. ಆದರೆ ಬಿಟ್ಟರೆ ಹಬ್ಬುವ ಗುಣ ಇದಕ್ಕುಂಟು. ಎಲ್ಲೆ ಕಟ್ಟಿ ನೆಡಬೇಕು.

ಕಪ್ಪು ತಂತಿಯಂತೆ ಹೊಳೆಯುವ ಕಡ್ಡಿಯೂ ಚಿಕ್ಕ ಬೀಸಣಿಗೆಯಂಥ ಎಲೆಯೂ ಇರುವ ಗುಂಪು ಬಲು ನಾಜೂಕಿನದು. ನಮ್ಮ ಪಂಡಿತರು ಹಂಸಪಾದಿ ಎನ್ನುವುದು ಈ ಗುಂಪಿನ ಒಂದು ಜಾತಿಯನ್ನೇ. ಬಿಸಿಗಾಳಿ ತಗುಲಿದರೆ ಒಂದೇ ದಿನದಲ್ಲಿ ಗರಿ ಮುರುಟುತ್ತದೆ. ಹಾಗಾದಾಗ ಗಾಬರಿಯಾಗದೆ ಒಣ ಗರಿಗಳನ್ನು ಬುಡಕ್ಕೆ ಕತ್ತರಿಸಿ, ಮಣ್ಣು ಆರದಂತೆ ನೋಡಿಕೊಂಡರೆ ಮತ್ತೆ ಚಿಗುರುತ್ತದೆ. ನಮ್ಮ ದರೆಗಳ ಮೇಲಿನ ಕಾಡುಹಂಸಪಾದಿ ಬೇಸಿಗೆಯಲ್ಲಿ ಪೂರ್ತಿ ಒಣಗಿ, ಮೊದಲ ಮಳೆಗೆ ಏಳುತ್ತದೆ. ಅದು ಸತ್ತಿದೆ ಎಂದು ಕುಂಡದ ಮಣ್ಣು ಚೆಲ್ಲಿದವರು ಅನೇಕರು. ಸತ್ತಿರುವುದಿಲ್ಲ, ಮಲಗಿರುತ್ತದೆ.

ಅಗಲವಾದ ಇಡೀ ಎಲೆಗಳು ಬಟ್ಟಲಿನಂತೆ ಸುತ್ತಿ ನಿಲ್ಲುವುದು ಹಕ್ಕಿಗೂಡು ಜರಿ. ಕಾಡಿನಲ್ಲಿ ಇದು ಮರದ ಕವಲಿನಲ್ಲಿ ಕುಳಿತು, ಬಿದ್ದ ತರಗೆಲೆಯನ್ನು ಹಿಡಿದುಕೊಂಡು ಅದರಿಂದಲೇ ಬದುಕುತ್ತದೆ. ಮರದ ರಸವನ್ನೇನೂ ಹೀರುವುದಿಲ್ಲ. ನಮ್ಮ ನೆರಳುಮರಗಳ ಮೇಲೆ ಕಂದು ಬಣ್ಣದ ಒಣ ಎಲೆಗಳ ಗೂಡು ಕಟ್ಟಿಕೊಂಡು, ಅದರ ಮೇಲೆ ಉದ್ದ ಹಸಿರು ಗರಿ ಬಿಡುವ ಜಾತಿಯೂ ಹಾಗೆಯೇ. ಇವನ್ನು ಬಂದಳಿಕೆಯೆಂದು ತಿಳಿದು ಕೆರೆದು ತೆಗೆಸುವವರಿದ್ದಾರೆ. ಬಂದಳಿಕೆ ಮರದೊಳಗೆ ಬೇರಿಳಿಸಿ ರಸ ಕುಡಿಯುತ್ತದೆ, ಜರಿ ತೊಗಟೆಯ ಮೇಲೆ ಕುಳಿತಿರುತ್ತದೆ ಅಷ್ಟೆ.

ಎಲೆಯ ಹಿಂಬದಿಗೆ ಬಿಳಿ ಪುಡಿ ಬಳಿದಂತಿರುವ ಬೆಳ್ಳಿ ಜರಿಯನ್ನು ಮಕ್ಕಳೆಲ್ಲ ಬಲ್ಲರು. ಮುಂಗೈಗೆ ಒತ್ತಿದರೆ ಗರಿಯ ಅಚ್ಚು ಮೂಡುತ್ತದೆ. ಇದು ಅಮೆರಿಕ ಖಂಡದಿಂದ ಬಂದು ಇಲ್ಲಿ ನೆಲೆನಿಂತದ್ದು. ಕಡಿದ ದರೆಯಲ್ಲಿ, ಸಾಕಷ್ಟು ಬಿಸಿಲಿನಲ್ಲಿಯೂ ಬೆಳೆಯುತ್ತದೆ.

ಕೊನೆಯದು ಮರಜರಿ. ಆಳೆತ್ತರಕ್ಕೂ ಮೀರಿ ಕಾಂಡ ಬೆಳೆಸಿ, ತಲೆಯಲ್ಲಿ ಕೊಡೆ ಬಿಚ್ಚುವ ಈ ಗಿಡ ನಿಮ್ಮ ಹಳ್ಳದಲ್ಲಿದ್ದರೆ ಅಲ್ಲಿಯೇ ಇರಲಿ. ಆರ್ಕಿಡ್ ಕೂರಿಸುವುದಕ್ಕೆಂದು ಇದರ ನಾರುಕಾಂಡವನ್ನು ಕಡಿದು ಮಾರಿ ಎಷ್ಟೋ ಕಡೆ ಇದರ ಸಂತತಿಯೇ ಕುಗ್ಗಿದೆ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿ ಇದು ಸೇರಿದೆ.

ನೆರಳು, ಮಣ್ಣು, ನೀರು

ನೆರಳಿನ ವಿಷಯ ಕಾಫಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಿಲ್ಲ. ಕಾಫಿಗೆ ಬೇಕಾದ ಜರಡಿ ನೆರಳೇ ಜರಿಗೂ ಬೇಕು, ತುಸು ಹೆಚ್ಚಾದರೂ ಸರಿ. ಬೆಳಗಿನ ಎಳೆಬಿಸಿಲು ಬಿದ್ದರೆ ಬಾಧಕವಿಲ್ಲ, ಮಧ್ಯಾಹ್ನದ ಬಿಸಿಲು ಕೂಡದು. ಗರಿ ಹಳದಿಗೆ ತಿರುಗಿ ಅಂಚು ಸುಟ್ಟರೆ ಬಿಸಿಲು ಹೆಚ್ಚಾಯಿತೆಂದು ತಿಳಿಯಬೇಕು. ಗರಿಗಳು ವಿರಳವಾಗಿ, ಸೊರಗಿ ಉದ್ದಕ್ಕೆ ಎಳೆದರೆ ಕತ್ತಲು ಹೆಚ್ಚಾಯಿತೆಂದು ತಿಳಿಯಬೇಕು. ನಡುಮನೆಯ ಮೂಲೆಯಲ್ಲಿ ಶೋಭೆಗೆಂದು ಇಟ್ಟ ಕುಂಡ ತಿಂಗಳೊಳಗೆ ಬಡಕಲಾಗುವುದು ಇದೇ ಕಾರಣಕ್ಕೆ.

ಮಣ್ಣು ಹಗುರವಾಗಿರಬೇಕು. ನಾವು ಬಳಸುವ ಮಿಶ್ರಣ ಹೀಗಿದೆ: ಚೆನ್ನಾಗಿ ಕಳಿತ ತರಗೆಲೆ ಗೊಬ್ಬರ 2 ಪಾಲು, ತೋಟದ ಮೇಲ್ಮಣ್ಣು 1 ಪಾಲು, ದಪ್ಪ ಮರಳು 1 ಪಾಲು, ಜೊತೆಗೆ ಒಂದೆರಡು ಹಿಡಿ ಇದ್ದಿಲ ಚೂರು. ಕುಂಡದ ತಳದ ತೂತಿನ ಮೇಲೆ ಹೆಂಚಿನ ಚೂರು ಹಾಕಬೇಕು. ಹಕ್ಕಿಗೂಡು ಜರಿಗೆ ಮಣ್ಣು ಇನ್ನೂ ಕಡಿಮೆ ಸಾಕು. ವರ್ಷಕಾಲ ಮಳೆಯಲ್ಲಿ ನೆನೆದು ಕಳಿತ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆಯ ತುಂಡು ಇವುಗಳಲ್ಲಿ ಅದು ಸಂತೋಷವಾಗಿ ಬೆಳೆಯುತ್ತದೆ. ಮರಜರಿಯ ಕಾಂಡ ಕೊಡುವ ಅನುಕೂಲವನ್ನೆಲ್ಲ ನಮ್ಮ ಸುಲಿಚಪ್ಪರದ ಹಿಂದಿನ ಸಿಪ್ಪೆರಾಶಿ ಪುಕ್ಕಟೆಯಾಗಿ ಕೊಡುತ್ತದೆ. ಹೊಸ ಸಿಪ್ಪೆಯನ್ನು ಮಾತ್ರ ಹಾಕಬಾರದು. ಕಳಿಯುವಾಗ ಅದು ಬಿಸಿಯೇರುತ್ತದೆ.

ನೀರನ್ನು ಬೆಳಗ್ಗೆ ಕೊಡಬೇಕು. ಬೆರಳಿನ ಒಂದು ಗೆಣ್ಣು ಮಣ್ಣಿನೊಳಗೆ ಇಳಿಸಿ ನೋಡಿ, ಒದ್ದೆ ತಗುಲಿದರೆ ಅಂದು ಬೇಡ. ಹಕ್ಕಿಗೂಡು ಜರಿಯ ನಡುಬಟ್ಟಲಿಗೆ ಬೇರೆ ಗಿಡಕ್ಕೆ ಸುರಿಯುವಂತೆ ನೀರು ಸುರಿದರೆ ಎಳೆಚಿಗುರು ಕೊಳೆಯುತ್ತದೆ, ಸುತ್ತಲಿನ ಸಿಪ್ಪೆಗೆ ಹಾಕಿದರೆ ಸಾಕು. ಶಿವರಾತ್ರಿಯಿಂದ ಹೂಮಳೆಯವರೆಗೆ ಒಣಗಾಳಿಯೇ ಮುಖ್ಯ ಶತ್ರು. ಕುಂಡಗಳನ್ನು ಒತ್ತಟ್ಟಿಗೆ ಗುಂಪಾಗಿಟ್ಟು, ಕೆಳಗೆ ಜಲ್ಲಿ ಹಾಸಿ ನೀರು ಚಿಮುಕಿಸಿದರೆ ತಂಪು ಉಳಿಯುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಜರಿ ನೆಡುವುದು ಹಿಂದೆ ರೂಢಿಯಿತ್ತು. ಸೀಗೆಪುಡಿಯ ಕಾಲಕ್ಕೆ ಅದು ಸರಿ, ಈಗಿನ ಸೋಪು ಮತ್ತು ತೊಳೆಯುವ ಪುಡಿಯ ನೀರು ಬೇರನ್ನು ಕೆಡಿಸುತ್ತದೆ. ಆರಿದ್ರಾ, ಪುಷ್ಯ ಮಳೆಯಲ್ಲಿ ಕುಂಡಗಳನ್ನು ಸೂರಿನ ನೀರು ಧಾರೆಯಾಗಿ ಬೀಳುವ ಜಾಗದಿಂದ ಒಳಕ್ಕೆ ಸರಿಸಬೇಕು.

ಗೊಬ್ಬರದಲ್ಲಿ ಕೈ ಬಿಗಿಯಾಗಿರಲಿ. ತೋಟಕ್ಕೆ ಹಾಕುವ ರಾಸಾಯನಿಕ ಗೊಬ್ಬರದ ಒಂದು ಹಿಡಿ ಇಡೀ ಕುಂಡವನ್ನು ಸುಡಬಲ್ಲದು. ಗೋಬರ್ ಗ್ಯಾಸಿನ ಬಗ್ಗಡವನ್ನು 10 ಪಾಲು ನೀರಿಗೆ ತೆಳುಮಾಡಿ, ಗಿಡ ಬೆಳೆಯುವ ತಿಂಗಳುಗಳಲ್ಲಿ ಮಾತ್ರ ತಿಂಗಳಿಗೊಮ್ಮೆ ಕೊಟ್ಟರೆ ಸಾಕೆಂಬುದು ನಮ್ಮ ಅನುಭವ.

ಒಂದನ್ನು ಹತ್ತು ಮಾಡುವ ಬಗೆ

ಸುಲಭವಾದದ್ದು ಬುಡ ಒಡೆದು ನೆಡುವುದು. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಗಿಡವನ್ನು ಮಣ್ಣುಸಹಿತ ಎತ್ತಿ, ಏಲಕ್ಕಿ ಹಿಳ್ಳು ಬಿಡಿಸುವಂತೆ, ಪ್ರತಿ ತುಂಡಿಗೂ ಬೇರು ಮತ್ತು ಒಂದೆರಡು ಸುರುಳಿ ಚಿಗುರು ಇರುವಂತೆ ಬಿಡಿಸಬೇಕು. ಹಳೆಯ ಗರಿಗಳಲ್ಲಿ ಅರ್ಧವನ್ನು ಕತ್ತರಿಸಿ, ಮೊದಲಿದ್ದ ಆಳಕ್ಕೇ ನೆಡಬೇಕು. ಬುಡ ಹೂತರೆ ಕೊಳೆಯುತ್ತದೆ. ಬಾಸ್ಟನ್ ಫರ್ನ್ ದಾರದಂಥ ಬಳ್ಳಿ ಬಿಡುತ್ತದೆ. ಅದರ ತುದಿಯನ್ನು ಪಕ್ಕದ ಕುಂಡದ ಮಣ್ಣಿಗೆ ಕಡ್ಡಿಯಿಂದ ಒತ್ತಿಹಿಡಿದರೆ ಮರಿಗಿಡ ಏಳುತ್ತದೆ. ಬೇರು ಬಿಟ್ಟಮೇಲೆ ಬಳ್ಳಿ ಕತ್ತರಿಸಬಹುದು. ಈ ಜಾತಿಯನ್ನು ಬೀಜಾಣುವಿನಿಂದ ಎಬ್ಬಿಸುವ ಪ್ರಯತ್ನ ಬೇಡ.

ಹಕ್ಕಿಗೂಡು ಜರಿಗೆ ಒಡೆಯಲು ಬುಡವಿಲ್ಲ, ಬೀಜಾಣುವೇ ಗತಿ. ತಾಳ್ಮೆಯಿದ್ದವರು ಹೀಗೆ ಮಾಡಬಹುದು. ಕೆಳಮೈಯ ಕಂದುಗೆರೆಗಳು ಬಲಿತ ಗರಿಯ ತುಂಡೊಂದನ್ನು ಕಾಗದದ ಲಕೋಟೆಯಲ್ಲಿ ನಾಲ್ಕಾರು ದಿನ ಇಟ್ಟರೆ ಕಾಫಿಪುಡಿಯಂಥ ಧೂಳು ಉದುರುತ್ತದೆ. ಒಂದು ಮಣ್ಣಿನ ಇಟ್ಟಿಗೆಯನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ತಟ್ಟೆಯ ನೀರಿನಲ್ಲಿ ನಿಲ್ಲಿಸಿ, ಆರಿದ ಮೇಲೆ ಧೂಳನ್ನು ತೆಳುವಾಗಿ ಉದುರಿಸಿ, ಮೇಲೆ ಗಾಜಿನ ಭರಣಿ ಕವುಚಬೇಕು. ಬೇಯಿಸದಿದ್ದರೆ ಪಾಚಿಯೇ ಮೊದಲು ಹಬ್ಬುತ್ತದೆ. ಬೆಳಕಿರುವ ನೆರಳಿನಲ್ಲಿಟ್ಟರೆ ಕೆಲವು ವಾರಗಳಲ್ಲಿ ಹಸಿರು ಪೊರೆ ಕಾಣುತ್ತದೆ. ಆಗ ಕಾಯಿಸಿ ಆರಿಸಿದ ನೀರನ್ನು ಮಂಜಿನಂತೆ ಚಿಮುಕಿಸಬೇಕು. ಮೊದಲು ಹೇಳಿದ ಈಜಾಟ ನಡೆಯುವುದು ಈ ನೀರಿನಲ್ಲಿಯೇ. ಕೈಯಲ್ಲಿ ಹಿಡಿಯಬಹುದಾದ ಸಸಿಯಾಗಲು ಆರು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಕಾಫಿ ನರ್ಸರಿ ನೋಡಿಕೊಂಡವರಿಗೆ ಇದು ದೊಡ್ಡ ಮಾತಲ್ಲ.

ಇನ್ನೊಂದು ಮೂಲವುಂಟು, ಅದನ್ನು ನಾವು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮರಗಸಿ ಮಾಡಿಸುವಾಗ ಕೆಳಗೆ ಬೀಳುವ ಕೊಂಬೆಗಳ ಮೇಲೆ ಎಷ್ಟೋ ಜರಿಗಳೂ ಸೀತಾಳೆ ಗಿಡಗಳೂ ಇರುತ್ತವೆ. ಅವೆಲ್ಲ ಸೌದೆಯ ಜೊತೆ ಒಲೆಗೆ ಹೋಗುತ್ತವೆ. ಆಳುಗಳಿಗೆ ಒಂದು ಮಾತು ಹೇಳಿದರೆ ಅವನ್ನು ಬೇರೆ ತೆಗೆದಿಡುತ್ತಾರೆ. ಅಂಗಳದ ಹಲಸಿನ ಮರಕ್ಕೆ ಅಡಿಕೆ ಸಿಪ್ಪೆ ಇಟ್ಟು ಬಾಳೆನಾರಿನಿಂದ ಕಟ್ಟಿದರೆ ಒಂದೆರಡು ಮಳೆಗಾಲದಲ್ಲಿ ತಾವೇ ಹಿಡಿದುಕೊಳ್ಳುತ್ತವೆ.

ಕೀಟ ಮತ್ತು ಔಷಧಿ

ರೋಗ ಯಾವುದು, ಬೀಜಾಣು ಯಾವುದು ಎಂದು ಮೊದಲು ನೋಡಬೇಕು. ಚುಕ್ಕೆಗಳು ಗರಿಯ ಕೆಳಮೈಯಲ್ಲಿ ಮಾತ್ರ, ಒಂದೇ ಅಳತೆಯಲ್ಲಿ, ಸಾಲಾಗಿ ಇದ್ದರೆ ಬೀಜಾಣು. ಕಡ್ಡಿಯ ಮೇಲೂ ಎಲೆಯ ಮೇಲೂ ಕ್ರಮವಿಲ್ಲದೆ ಅಂಟಿಕೊಂಡು, ಉಗುರಿನಿಂದ ಕೆರೆದರೆ ಕಳಚಿ ಬರುವಂಥದು ಶಲ್ಕಕೀಟ. ಬಿಳಿ ಹತ್ತಿಯಂತಿದ್ದರೆ ಹಿಟ್ಟುತಿಗಣೆ. ಎರಡನ್ನೂ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬಹುದು, ಬಹಳ ಹತ್ತಿದ ಗರಿಗಳನ್ನು ಕತ್ತರಿಸಿ ಸುಡಬಹುದು. ಮಳೆಗಾಲದ ರಾತ್ರಿಯಲ್ಲಿ ಬಸವನಹುಳು ಸುರುಳಿ ಚಿಗುರನ್ನೇ ತಿಂದು ಹಾಕುತ್ತದೆ. ಟಾರ್ಚ್ ಹಿಡಿದು ಆರಿಸಿ ಉಪ್ಪುನೀರಿಗೆ ಹಾಕುವುದೇ ಮದ್ದು. ಉಪ್ಪನ್ನು ಕುಂಡದ ಮೇಲೆ ಮಾತ್ರ ಎರಚಬಾರದು.

ಮೈಲುತುತ್ತದ ದ್ರಾವಣವನ್ನು ಜರಿಯ ಎಳೆಗರಿ ತಾಳುವುದಿಲ್ಲವೆಂಬುದನ್ನು ನಮ್ಮ ಸದಸ್ಯರ ಜಗಲಿಯಲ್ಲಿ ಕಂಡಿದ್ದೇವೆ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ ಅಡಿಕೆಮರದ ಕೆಳಗಿರುವ ಕುಂಡಗಳನ್ನು ಒಳಗೆ ತರಬೇಕು, ಅಥವಾ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು.

ಜಾನುವಾರು ಸಾಕುವವರು ಇನ್ನೊಂದನ್ನು ಗಮನಿಸಬೇಕು. ಎತ್ತರದ ಹುಲ್ಲುಗುಡ್ಡಗಳಲ್ಲಿ ಬಿಸಿಲಿಗೇ ಹಿಂಡುಹಿಂಡಾಗಿ ಬೆಳೆಯುವ ಒರಟು ಜರಿ ದನಗಳಿಗೆ ವಿಷ. ಬಹುಕಾಲ ಮೇದರೆ ಮೂತ್ರದಲ್ಲಿ ರಕ್ತ ಹೋಗುತ್ತದೆ. ಕೊಟ್ಟಿಗೆಯ ಸೊಪ್ಪಿನೊಡನೆ ಅದು ಬಾರದಂತೆ ನೋಡಿಕೊಳ್ಳಬೇಕು. ಹಾಗೆಯೇ ಕೊಡಗಿನ ಮನೆಗಳಲ್ಲಿ ಮಳೆಗಾಲಕ್ಕೆ ಪಲ್ಯ ಮಾಡುವ ತೆರ್ಮೆ ತೊಪ್ಪು ಕೂಡ ಒಂದು ಜರಿಯ ಸುರುಳಿಯೇ. ಆದರೆ ಎಲ್ಲ ಸುರುಳಿಯೂ ತೆರ್ಮೆಯಲ್ಲ. ಬಲ್ಲವರು ತೋರಿಸಿದ ಹೊರತು ಅಡಿಗೆಮನೆಗೆ ತರಬಾರದು.

ಬಾಟಲಿಯೊಳಗಿನ ಜರಿ

ನಮ್ಮ ಕಸುಬಿಗೂ ಜರೀಗಿಡಕ್ಕೂ ಒಂದು ಹಳೆಯ ನಂಟು ಉಂಟು. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯರು ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದರು. ಹೊಗೆ ತುಂಬಿದ ಆ ಊರಿನಲ್ಲಿ ಅವರ ಅಂಗಳದ ಜರಿಗಳೆಲ್ಲ ಸತ್ತಿದ್ದವು. ಆದರೆ ಬಾಟಲಿಯ ಮಣ್ಣಿನಲ್ಲಿ ಒಂದು ಪುಟ್ಟ ಜರಿ ತಾನಾಗಿ ಎದ್ದಿತು. ಒಳಗಿನ ತೇವವೇ ಗಾಜಿಗೆ ಹತ್ತಿ ಮತ್ತೆ ಮಣ್ಣಿಗೆ ಇಳಿಯುತ್ತಿದ್ದುದರಿಂದ ಅದಕ್ಕೆ ನೀರು ಹಾಕುವ ಅಗತ್ಯವೇ ಬೀಳಲಿಲ್ಲ. ಇದನ್ನು ಕಂಡು ಅವರು ಗಾಜಿನ ಪೆಟ್ಟಿಗೆ ಮಾಡಿಸಿ, 1833ರಲ್ಲಿ ಜರಿಗಳನ್ನು ಹಡಗಿನಲ್ಲಿ ಸಿಡ್ನಿಗೆ ಕಳುಹಿಸಿದರು. ತಿಂಗಳುಗಟ್ಟಲೆ ಪ್ರಯಾಣದ ನಂತರವೂ ಅವು ಜೀವಂತವಾಗಿದ್ದವು. ಮುಂದೆ ಚೀನದ ಚಹಾಗಿಡ ಹಿಮಾಲಯದ ತಪ್ಪಲಿಗೂ, ಕ್ವಿನೈನಿನ ಸಿಂಕೋನಾ ನೀಲಗಿರಿಗೂ, ರಬ್ಬರಿನ ಸಸಿ ಸಿಲೋನಿಗೂ ಬಂದದ್ದು ಇಂಥ ಪೆಟ್ಟಿಗೆಗಳಲ್ಲಿಯೇ.

ಆದರೆ ಅದೇ ಪೆಟ್ಟಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಕೆಲಸವನ್ನೂ ಮಾಡಿತು. ಮನೆಮನೆಯ ಪಡಸಾಲೆಯಲ್ಲಿ ಜರಿ ಇಡುವ ಗೀಳು ಹಬ್ಬಿತು. 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಎಂಬ ಲೇಖಕರು ಇದಕ್ಕೆ ಜರಿಯ ಹುಚ್ಚೆಂದೇ ಹೆಸರಿಟ್ಟರು. ಕಿತ್ತುತಂದು ಮಾರುವವರು ಕಣಿವೆ ಕಣಿವೆ ಹೊಕ್ಕರು. ಐರ್ಲೆಂಡಿನ ಕಿಲಾರ್ನಿಯ ಹೆಸರು ಹೊತ್ತ ತೆಳುಗರಿಯ ಜರಿಯೊಂದು ಎಷ್ಟೋ ಜಾಗಗಳಿಂದ ಹೇಳಹೆಸರಿಲ್ಲದಾಯಿತು. ಗೀಳು ಇಳಿದು ನೂರು ವರ್ಷ ಕಳೆದರೂ ಆ ಗಿಡ ಅಲ್ಲಿ ಅಪರೂಪವಾಗಿಯೇ ಉಳಿದಿದೆ.

ದರೆಯ ಜರಿ ದರೆಗೇ ಇರಲಿ

ಟೆಂಪೋ ತಂದ ವ್ಯಾಪಾರಿಯ ಮಾತಿಗೆ ಬರೋಣ. ನಾವು ಈ ವಿಷಯದಲ್ಲಿ ನಿರ್ದೋಷಿಗಳೇನಲ್ಲ. ಸುಮಾರು 20 ವರ್ಷಗಳ ಹಿಂದೆ ಮನೆಯ ಗೃಹಪ್ರವೇಶಕ್ಕೆ ಅಂಗಳ ಅಂದವಾಗಲೆಂದು ನಮ್ಮದೇ ಹಳ್ಳದ ದಂಡೆಯಿಂದ ಎರಡು ಜೀಪು ಜರಿ ಕೀಳಿಸಿ ತಂದೆವು. ಬಂದ ನೆಂಟರು ಹೊಗಳಿದರು. ಶಿವರಾತ್ರಿಯ ವೇಳೆಗೆ ಬದುಕಿದ್ದವು ಏಳೋ ಎಂಟೋ. ಮುಂದಿನ ಆಶ್ಲೇಷಾ ಮಳೆಗೆ, ಕಿತ್ತ ಜಾಗದ ಮಣ್ಣು ಪದರಪದರವಾಗಿ ಹಳ್ಳಕ್ಕಿಳಿಯಿತು. ದಂಡೆಯ ಮೇಲಿದ್ದ ಒಂದು ಸಾಲು ಅಡಿಕೆಮರ ಬುಡ ಸಡಿಲಾಗಿ ವಾಲಿದವು. ಅದನ್ನು ಕಲ್ಲುಕಟ್ಟಿ ನಿಲ್ಲಿಸಲು ಆದ ಖರ್ಚಿನಲ್ಲಿ ಪೇಟೆಯ ನರ್ಸರಿಯ ಗಿಡಗಳನ್ನೆಲ್ಲ ಕೊಳ್ಳಬಹುದಾಗಿತ್ತು. ನಮ್ಮ ತಂದೆಯವರು ಏನೂ ಹೇಳಲಿಲ್ಲ, ದಂಡೆಗೆ ಹೋಗಿ ನೋಡಿಕೊಂಡು ಬಂದರು, ಅಷ್ಟೆ. ಆ ಮೌನ ನಮಗೆ ಇನ್ನೂ ನೆನಪಿದೆ.

2018ರಲ್ಲಿ ಕೊಡಗಿನಲ್ಲಿಯೂ 2019ರಲ್ಲಿ ಮೂಡಿಗೆರೆ ಕಡೆಯೂ ಗುಡ್ಡಗಳು ಕುಸಿದುದನ್ನು ನಾವೆಲ್ಲ ಬಲ್ಲೆವು. ಜರಿ ಇದ್ದರೆ ಗುಡ್ಡ ಕುಸಿಯದು ಎಂದು ನಾವು ಹೇಳುತ್ತಿಲ್ಲ. ಆಳದಿಂದ ಜಾರುವ ಮಣ್ಣನ್ನು ಒಂದು ಗೇಣಿನ ಬೇರು ಹಿಡಿಯಲಾರದು. ಆದರೆ ಪ್ರತಿ ಮಳೆಗೂ ಕೊಚ್ಚಿಹೋಗುವ ಮೇಲ್ಮಣ್ಣನ್ನು ದರೆಯ ಕಡಿದಾದ ಮೈಯಲ್ಲಿ ಹಿಡಿದಿಡುವುದು ಆ ಬೇರಿನ ಜಾಲವೇ. ಅಲ್ಲಿ ಬೇರೆ ಬೆಳೆ ನಿಲ್ಲುವುದಿಲ್ಲ, ಹುಲ್ಲಿಗೆ ನೆರಳು ಒಗ್ಗುವುದಿಲ್ಲ. ಗೋಣಿಯಲ್ಲಿ ಹೋಗುವುದು ಬರೀ ಗಿಡವಲ್ಲ, ಅದರ ಬೇರಿಗಂಟಿದ ನಮ್ಮ ಮಣ್ಣೂ ಹೌದು. ಇನ್ನು ಮೀಸಲು ಅರಣ್ಯದಿಂದ ಕಿತ್ತು ತರುವುದಂತೂ ಕಾನೂನಿಗೆ ವಿರುದ್ಧ. ಅಂಥ ಗಿಡ ನಮ್ಮ ತೋಟದ ಹೆಸರಿನಲ್ಲಿ ಟೆಂಪೋ ಏರಿದರೆ ತೊಂದರೆ ನಮ್ಮ ತಲೆಗೆ.

ಆದ್ದರಿಂದ ನಮ್ಮ ಉತ್ತರವಿಷ್ಟು: ದಂಡೆಯ ಗಿಡವನ್ನು ಕೊಡಬೇಡಿ, ಅಂಗಳದ ಗಿಡವನ್ನು ಬೆಳೆಸಿ ಕೊಡಿ. ಪೇಟೆಯವರಿಗೆ ಜರಿ ಬೇಕಿರುವುದು ನಿಜ, ನಮಗೆ ನಾಲ್ಕು ಕಾಸು ಬೇಕಿರುವುದೂ ನಿಜ. ಒಂದು ತಾಯಿಗಿಡವನ್ನು ಪ್ರತಿ ಮಳೆಗಾಲ ಒಡೆಯುತ್ತ ಹೋದರೆ ಮೂರನೆಯ ವರ್ಷಕ್ಕೆ ಜಗಲಿ ತುಂಬುತ್ತದೆ. ಕುಂಡದಲ್ಲಿ ಬೇರು ಹಿಡಿದ ಗಿಡ ಕೊಂಡವರ ಮನೆಯಲ್ಲಿಯೂ ಬದುಕುತ್ತದೆ. ಗೋಣಿಯಲ್ಲಿ ಹೋದದ್ದರ ಗತಿ ನಮ್ಮ ಎರಡು ಜೀಪಿನ ಗತಿಯೇ.

ಮೊದಲು ಹೇಳಿದ ಸದಸ್ಯರ ಫರ್ನ್ ಬದುಕಿತೇ ಎಂದು ಓದುಗರು ಕೇಳಬಹುದು. ಸುಟ್ಟ ಗರಿಗಳನ್ನು ಬುಡಕ್ಕೆ ಕತ್ತರಿಸಿ, ಮೇಲಿನ ಮಣ್ಣು ಬದಲಿಸಿ, ಕುಂಡವನ್ನು ಹಲಸಿನ ಮರದ ಕೆಳಗಿಡಲು ತಿಳಿಸಿದ್ದೆವು. ದೀಪಾವಳಿಗೆ ಅವರ ಮನೆಗೆ ಹೋದಾಗ ನಡುವಿನಿಂದ ಐದು ಹೊಸ ಸುರುಳಿ ಎದ್ದಿದ್ದವು. ಮನೆಯಲ್ಲಿ ಮಾತೂ ಮತ್ತೆ ಆರಂಭವಾಗಿತ್ತು, ಕಾಫಿಯೂ ಸಿಕ್ಕಿತು.

ಬರುವ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಮೊದಲ ಸಂತೆಯ ದಿನ, ನಮ್ಮ ಮನೆಯ ಬಾಸ್ಟನ್ ಫರ್ನ್‌ನ ಬುಡ ಒಡೆದು ಸಂಘದ ಕಚೇರಿಯ ಜಗಲಿಯಲ್ಲಿ ಇಡುತ್ತೇವೆ. ಬೇಕಾದ ಸದಸ್ಯರು ಒಂದೊಂದು ತುಂಡನ್ನು ಉಚಿತವಾಗಿ ಒಯ್ಯಬಹುದು. ಕುಂಡವನ್ನು ಮಾತ್ರ ಮನೆಯಿಂದ ತರಬೇಕಾಗಿ ವಿನಂತಿ.